ಕೈಟ್‌ಸರ್ಫಿಂಗ್ ಸಾಮಾನು ಹೊತ್ತು ಬೆಂಗಳೂರಿನಿಂದ ವಿದೇಶಕ್ಕೆ: ಯಾವ ಬ್ಯಾಗ್ ಕೊಳ್ಳುವುದು?

ಕೈಟ್‌ಸರ್ಫಿಂಗ್ ಎಂದರೆ ದೊಡ್ಡ ಗಾಳಿಪಟ (ಕೈಟ್) ಎಳೆದಂತೆ ಬೋರ್ಡಿನ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ. ಅದರ ಸಾಮಾನಿಗೆ ಬ್ಯಾಗ್ ಹುಡುಕುವವರು ಮೊದಲು ಕೇಳುವುದು "ಯಾವ ಕಂಪನಿಯದು ಚೆನ್ನಾಗಿದೆ?" ಅಂತ. ನಾನು ತಿರುಗಿ ಕೇಳುವುದು ಒಂದೇ: ಬೋರ್ಡ್ ಜೊತೆಗೆ ಬರುತ್ತದೋ ಇಲ್ಲವೋ? ಅದೊಂದು ತೀರ್ಮಾನವಾದರೆ ಬ್ಯಾಗಿನ ವಿಷಯ ಮುಕ್ಕಾಲು ಪಾಲು ಮುಗಿದ ಹಾಗೆ. ಕೈಟ್ ಮಡಚಬಹುದು, ಹಾರ್ನೆಸ್ಸನ್ನು (ಸೊಂಟಕ್ಕೆ ಕಟ್ಟುವ ಪಟ್ಟಿ) ಮೂಲೆಗೆ ಅದುಮಬಹುದು, ಬಾರನ್ನು (ಕೈಟನ್ನು ನಡೆಸುವ ಹಿಡಿಕೋಲು) ಓರೆಯಾಗಿ ತೂರಿಸಬಹುದು. ಬೋರ್ಡ್ ಮಾತ್ರ ಬಗ್ಗುವುದಿಲ್ಲ. ಅದರ ಉದ್ದದ ಮೇಲೆ ಬ್ಯಾಗಿನ ಉದ್ದ, ಬ್ಯಾಗಿನ ಉದ್ದದ ಮೇಲೆ ವಿಮಾನ ಕಂಪನಿ ಕೇಳುವ ಹಣ, ಮನೆ ಮುಂದೆ ಬರಬೇಕಾದ ಕ್ಯಾಬು, ಆ ಕಡೆ ಇಳಿದ ಮೇಲೆ ಹತ್ತಬೇಕಾದ ವ್ಯಾನು, ಎಲ್ಲವೂ ನಿಂತಿವೆ.

ಬೆಂಗಳೂರಿನವರಿಗೆ ಈ ಪ್ರಶ್ನೆ ಸ್ವಲ್ಪ ತಡವಾಗಿ ಎದುರಾಗುತ್ತದೆ. ರಾಮೇಶ್ವರಕ್ಕೋ ತೂತುಕುಡಿಗೋ ಹೋಗುವಾಗ ಕಾರಿನ ಹಿಂದಿನ ಸೀಟು ಮಡಚಿ ಎಲ್ಲವನ್ನೂ ಸುರಿದುಕೊಂಡು ಹೋಗುತ್ತೇವೆ. ಬ್ಯಾಗೇ ಬೇಕಿಲ್ಲ, ಒಂದು ಹಳೆ ಬೆಡ್‌ಶೀಟ್ ಸಾಕು. ಶ್ರೀಲಂಕಾದ ಕಲ್ಪಿಟಿಯಕ್ಕೋ ಜಾಂಜಿಬಾರಿನ ಪಾಜೆಗೋ ವಿಯೆಟ್ನಾಮಿನ ಮುಯಿ ನೆಗೋ ಮೊದಲ ಸಲ ಟಿಕೆಟ್ ಮಾಡಿದಾಗಲೇ ತಕ್ಕಡಿ, ಟೇಪು ಎರಡೂ ಹೊರಗೆ ಬರುವುದು.

ಮೊದಲು ತಕ್ಕಡಿ

ಬ್ಯಾಗ್ ನೋಡುವುದಕ್ಕೆ ಮುಂಚೆ ಸಾಮಾನನ್ನು ನೆಲದ ಮೇಲೆ ಹರಡಿ ಒಂದೊಂದಾಗಿ ತೂಗಿ. ಸಾಧಾರಣ ಮೈಕಟ್ಟಿನವರ ಒಂದು ಸೆಟ್ ಹೇಗಿರುತ್ತದೆ ಎಂದು ಹೇಳುತ್ತೇನೆ. 138-140 ಸೆಂ.ಮೀ. ಟ್ವಿನ್ ಟಿಪ್ (ಎರಡು ತುದಿಯೂ ಒಂದೇ ಆಕಾರದ) ಬೋರ್ಡ್, ಅಡಿಯ ಫಿನ್ನು, ಕಾಲಿಡುವ ಪ್ಯಾಡು ಸ್ಟ್ರ್ಯಾಪು ಸೇರಿ 4 ಕೆ.ಜಿ.ಯ ಆಸುಪಾಸು. 12 ಮತ್ತು 9 ಚದರ ಮೀಟರ್ ಕೈಟ್‌ಗಳು, ಅವುಗಳ ಸ್ವಂತ ಬ್ಯಾಗ್ ಬಿಟ್ಟು, ಎರಡೂ ಸೇರಿ 6. ಬಾರು ಮತ್ತು ಲೈನುಗಳು 1.3. ಹಾರ್ನೆಸ್ 1.8, ಬೆನ್ನಿಗೆ ಗಟ್ಟಿ ಚಿಪ್ಪಿರುವ ಹೊಸ ಮಾದರಿಯಾದರೆ ಇನ್ನೂ ಹೆಚ್ಚು. ಪಂಪ್ 1.5. ಹೆಲ್ಮೆಟ್, ಇಂಪ್ಯಾಕ್ಟ್ ವೆಸ್ಟ್ ಎರಡಕ್ಕೂ 1.3. ಲೈಕ್ರಾ, ಗಿಡ್ಡ ವೆಟ್‌ಸೂಟ್ 1.5. ಕೂಡಿಸಿದರೆ ಹದಿನೇಳೂವರೆ ಕೆ.ಜಿ. ಹತ್ತಿರ.

ಇದಕ್ಕೆ ಗಾಲಿ ಇರುವ ದೊಡ್ಡ ಬ್ಯಾಗ್ ಸೇರಿಸಿ. ಅದು ಖಾಲಿಯೇ ನಾಲ್ಕೂವರೆ ಕೆ.ಜಿ. ತೂಗುತ್ತದೆ. ಒಟ್ಟು 22. ಬಹಳಷ್ಟು ಟಿಕೆಟ್‌ಗಳಲ್ಲಿ ಒಂದು ನಗಕ್ಕೆ 23 ಕೆ.ಜಿ. ಮಿತಿ. ಎಂದರೆ ನಿಮ್ಮ ಬಟ್ಟೆಬರೆಗೆ ಉಳಿದದ್ದು ಒಂದೇ ಕೆ.ಜಿ. ಅದೇ ಸಾಮಾನನ್ನು ಎರಡೂವರೆ ಕೆ.ಜಿ.ಯ ಗಾಲಿ ಇಲ್ಲದ ಬ್ಯಾಗಿನಲ್ಲಿ ಹಾಕಿದರೆ 20 ಆಗುತ್ತದೆ, ಮೂರು ಕೆ.ಜಿ. ಕೈಯಲ್ಲಿ ಉಳಿಯುತ್ತದೆ. ಬ್ಯಾಗಿನ ಜಾಹೀರಾತಿನಲ್ಲಿ ಎಷ್ಟು ಕೈಟ್ ಹಿಡಿಯುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ನೀವು ಹುಡುಕಬೇಕಾದ್ದು ಎಲ್ಲೋ ಕೊನೆಯಲ್ಲಿರುವ ಖಾಲಿ ಬ್ಯಾಗಿನ ತೂಕವನ್ನು. ಅದನ್ನು ಬರೆಯದ ಬ್ಯಾಗನ್ನು ನಾನು ಕೊಳ್ಳುವುದಿಲ್ಲ.

ಇನ್ನೊಂದು ಗೆರೆ 32 ಕೆ.ಜಿ.ಯದು. ಬಹುತೇಕ ಎಲ್ಲ ವಿಮಾನ ಕಂಪನಿಗಳೂ ಅದಕ್ಕಿಂತ ಭಾರದ ಒಂಟಿ ಬ್ಯಾಗನ್ನು ಚೆಕ್‌ಇನ್‌ನಲ್ಲಿ ತೆಗೆದುಕೊಳ್ಳುವುದಿಲ್ಲ, ನೀವು ಎಷ್ಟು ದುಡ್ಡು ಕೊಟ್ಟರೂ ಸರಿ. ಎತ್ತಿ ಇಳಿಸುವ ಕೆಲಸಗಾರರ ಬೆನ್ನಿನ ಸಲುವಾಗಿ ಬಂದ ನಿಯಮ ಅದು. ಮೂರು ಕೈಟ್, ಎರಡು ಬೋರ್ಡ್ ಹಿಡಿಸುವ ಭಾರೀ ಬ್ಯಾಗ್‌ಗಳು ನನಗೆ ಇಷ್ಟವಾಗದಿರುವುದಕ್ಕೆ ಇದೇ ಕಾರಣ. ಜಾಗ ಇದೆ ಅಂತ ತುಂಬುತ್ತಾ ಹೋಗುತ್ತೇವೆ, ಕೌಂಟರಿನಲ್ಲಿ ನಿಂತು ಬಿಚ್ಚಬೇಕಾಗುತ್ತದೆ.

ತೂಕಕ್ಕಿಂತ ಹೆಚ್ಚು ಕಾಡುವುದು ಉದ್ದ

ಸಾಮಾನ್ಯ ಚೆಕ್‌ಇನ್ ಬ್ಯಾಗಿಗೆ ಅನೇಕ ಕಂಪನಿಗಳು ಇಟ್ಟುಕೊಂಡಿರುವ ಅಳತೆ 158 ಸೆಂ.ಮೀ. ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿಸಿದ ಮೊತ್ತ ಅದು. 140 ಉದ್ದ, 45 ಅಗಲ, 30 ದಪ್ಪದ ಕೈಟ್ ಬ್ಯಾಗಿನ ಮೊತ್ತ 215. ತೂಕ ಎಷ್ಟೇ ಕಡಿಮೆ ಇದ್ದರೂ ಇದು ದೊಡ್ಡ ನಗವೇ. ಆಗ ಎರಡು ದಾರಿ. ಕಂಪನಿಯ ಕ್ರೀಡಾ ಸಾಮಗ್ರಿಯ ನಿಯಮದಲ್ಲಿ ಕೈಟ್‌ಬೋರ್ಡ್ ಎಂದು ಸ್ಪಷ್ಟವಾಗಿ ಬರೆದಿದ್ದರೆ ಅದರ ಪ್ರಕಾರ ಮುಂಚಿತವಾಗಿ ತಿಳಿಸಿ ಒಯ್ಯಬಹುದು. ಇಲ್ಲವಾದರೆ ಅಳತೆ ಮೀರಿದ ಬ್ಯಾಗಿನ ದರ ಕಟ್ಟಬೇಕು. ಕೆಲವು ಕಂಪನಿಗಳು ಕ್ರೀಡಾ ಸಾಮಗ್ರಿಯನ್ನು ನಿಮ್ಮ ಮಾಮೂಲಿ ತೂಕದೊಳಗೇ ಸೇರಿಸಿಕೊಳ್ಳುತ್ತವೆ, ಕೆಲವು ಪ್ರತಿ ಹಾರಾಟಕ್ಕೂ ಬೇರೆ ದರ ಹಾಕುತ್ತವೆ. ಆದ್ದರಿಂದ ಟಿಕೆಟ್ ಬೆಲೆಯನ್ನು ಮಾತ್ರ ಹೋಲಿಸಬೇಡಿ. ಟಿಕೆಟ್ಟಿನ ಜೊತೆ ಬೋರ್ಡಿನ ಹೋಗಿಬರುವ ದರವನ್ನೂ ಕೂಡಿಸಿ ಹೋಲಿಸಿ. ಎರಡು ಸಾವಿರ ಅಗ್ಗವಾಗಿ ಕಂಡ ಟಿಕೆಟ್ ಹಲವು ಸಲ ಅಲ್ಲೇ ದುಬಾರಿಯಾಗುತ್ತದೆ.

ಮಿತಿಯಲ್ಲೂ ಎರಡು ಪದ್ಧತಿ ಇವೆ. ಅಮೆರಿಕದ ಕಡೆಗೆ ಹೋಗುವ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ ನಗದ ಲೆಕ್ಕ, ಇಷ್ಟು ಬ್ಯಾಗ್, ಒಂದೊಂದು ಇಷ್ಟು ಕೆ.ಜಿ. ಅಂತ. ಗಲ್ಫ್ ಕಡೆಯ ಕೆಲವು ಟಿಕೆಟ್‌ಗಳಲ್ಲಿ ಒಟ್ಟು ತೂಕದ ಲೆಕ್ಕ, 30 ಕೆ.ಜಿ. ಅಂದರೆ ಅದನ್ನು ಎರಡು ಬ್ಯಾಗಿಗೆ ಹಂಚಬಹುದು. ನಿಮ್ಮದು ಒಟ್ಟು ತೂಕದ ಟಿಕೆಟ್ ಆಗಿದ್ದರೆ ಬೋರ್ಡನ್ನು ಹಗುರ ಬ್ಯಾಗಿನಲ್ಲಿ ಬೇರೆ ಹಾಕಿ, ಉಳಿದದ್ದನ್ನು ಮನೆಯಲ್ಲಿರುವ ಸೂಟ್‌ಕೇಸಿಗೆ ತುಂಬುವುದು ಸುಲಭ. ನಗದ ಲೆಕ್ಕವಾದರೆ, ಅದರಲ್ಲೂ ಒಂದೇ ನಗವಾದರೆ, ಎಲ್ಲವೂ ಒಂದರಲ್ಲೇ ಹಿಡಿಯಬೇಕು. ಟಿಕೆಟ್ ಕೈಗೆ ಬರುವ ಮೊದಲೇ ಬ್ಯಾಗ್ ಕೊಂಡರೆ ಈ ಲೆಕ್ಕ ತಪ್ಪುತ್ತದೆ.

ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಹೋಗುವವರು ಇನ್ನೂ ಎಚ್ಚರವಾಗಿರಬೇಕು. ಒಂದೇ ಟಿಕೆಟ್ ಆಗಿದ್ದರೆ ಸಾಮಾನ್ಯವಾಗಿ ಇಡೀ ಪ್ರಯಾಣಕ್ಕೆ ಒಂದೇ ನಿಯಮ. ಬೇರೆ ಬೇರೆ ಮಾಡಿಸಿದರೆ ಪ್ರತಿ ಕಂಪನಿಯ ಮುಂದೆಯೂ ಹೊಸದಾಗಿ ನಿಲ್ಲಬೇಕು. ಪೂರ್ವ ಆಫ್ರಿಕಾದಲ್ಲಿ ಕೊನೆಯ ಹಂತಕ್ಕೆ ಹಾರುವ ಚಿಕ್ಕ ಪ್ರೊಪೆಲ್ಲರ್ ವಿಮಾನಗಳಲ್ಲಿ 15 ಕೆ.ಜಿ. ಮಿತಿ, ಮೆತ್ತನೆಯ ಬ್ಯಾಗೇ ಆಗಬೇಕು ಎನ್ನುವ ಷರತ್ತು ಮಾಮೂಲಿ. ಅಂಥ ವಿಮಾನ ನಿಮ್ಮ ದಾರಿಯಲ್ಲಿದ್ದರೆ ಮುಂದೆ ಹೇಳುವ ಬೋರ್ಡ್ ಇಲ್ಲದ ದಾರಿಯೇ ನಿಮ್ಮ ದಾರಿ.

ಗಾಲಿ ಇರುವ ಗಾಲ್ಫ್ ಬ್ಯಾಗ್

ಕೈಟ್ ಲೋಕದಲ್ಲಿ 'ಗಾಲ್ಫ್ ಬ್ಯಾಗ್' ಎಂದರೆ ಗಾಲ್ಫ್ ದಾಂಡುಗಳನ್ನು ಒಯ್ಯುವ ಬ್ಯಾಗಿನ ಆಕಾರದಲ್ಲಿ ಮಾಡಿದ ಉದ್ದನೆಯ, ಒಂದು ತುದಿಗೆ ಎರಡು ಗಾಲಿ ಇರುವ ಬ್ಯಾಗ್. ಡಕೈನ್, ಮಿಸ್ಟಿಕ್, ಐಯಾನ್, ಪ್ರೊಲಿಮಿಟ್ ಹೀಗೆ ಈ ಕ್ಷೇತ್ರದ ಹೆಸರಾಂತ ಕಂಪನಿಗಳೆಲ್ಲ ಇದನ್ನು ಮಾಡುತ್ತವೆ. ಬೋರ್ಡು, ಎರಡು ಮೂರು ಕೈಟು, ಉಳಿದ ಚಿಲ್ಲರೆ ಎಲ್ಲವೂ ಒಂದರಲ್ಲಿ. ವಿಮಾನ ನಿಲ್ದಾಣದಲ್ಲಿ ಒಂದು ಕೈಯಲ್ಲಿ ಇದನ್ನು ಎಳೆದುಕೊಂಡು ಇನ್ನೊಂದು ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದು ಹೋಗುವ ಸುಖವೇ ಬೇರೆ.

ಇದನ್ನು ಕೊಳ್ಳುವುದಾದರೆ ಗಾಲಿಯನ್ನು ಸರಿಯಾಗಿ ನೋಡಿ, ಏಕೆಂದರೆ ಇಡೀ ಬ್ಯಾಗಿನಲ್ಲಿ ಮೊದಲು ಕೈಕೊಡುವುದು ಅದೇ. ಬ್ಯಾಗನ್ನು ತಲೆಕೆಳಗೆ ಮಾಡಿ, ಗಾಲಿಯ ಅಚ್ಚನ್ನು ನೋಡಿ. ಅಲೆನ್ ಕೀ ಹಾಕಿ ಬಿಚ್ಚಬಹುದಾದ ಬೋಲ್ಟ್ ಇದ್ದರೆ, ಗಾಲಿ ಸ್ಕೇಟಿಂಗ್ ಚಕ್ರದ ಜಾತಿಯದಾಗಿದ್ದರೆ, ಒಳಗೆ ಬೇರಿಂಗ್ ಇದ್ದರೆ, ಸವೆದ ಮೇಲೆ ಸ್ಕೇಟಿಂಗ್ ಸಾಮಾನಿನ ಅಂಗಡಿಯಿಂದ ಅದೇ ಅಳತೆಯ ಗಾಲಿ ತಂದು ನೀವೇ ಬದಲಿಸಬಹುದು. ರಿವೆಟ್ ಹೊಡೆದು ಕೂರಿಸಿದ ಪುಟ್ಟ ಪ್ಲಾಸ್ಟಿಕ್ ಗಾಲಿಯಾದರೆ ಅದು ಮುರಿದ ದಿನ ಬ್ಯಾಗೂ ಮುಗಿಯಿತು. ಗಾಲಿಯ ಗೂಡು ಬ್ಯಾಗಿನ ಒಳಕ್ಕೆ ಎಷ್ಟು ಉಬ್ಬಿ ಬಂದಿದೆ ಎಂದು ಕೈಹಾಕಿ ನೋಡಿ. ಬೋರ್ಡಿನ ತುದಿ ಅದಕ್ಕೆ ತಾಗುತ್ತಿದ್ದರೆ 140 ಎಂದು ಬರೆದ ಬ್ಯಾಗಿನಲ್ಲಿ 140ರ ಬೋರ್ಡ್ ಕೂರುವುದಿಲ್ಲ. ಒಳ ಅಳತೆ ಬೋರ್ಡಿಗಿಂತ 5 ಸೆಂ.ಮೀ. ಆದರೂ ಹೆಚ್ಚಿರಲಿ. ತುಂಬುವಾಗ ಪಂಪು, ಬಾರು, ಹಾರ್ನೆಸ್ಸಿನ ಕೊಕ್ಕೆಯಂಥ ಭಾರದ ಸಾಮಾನು ಗಾಲಿಯ ತುದಿಗೆ ಹೋಗಬೇಕು. ಕೈಯಲ್ಲಿ ಹಿಡಿಯುವ ತುದಿಗೆ ಹೋದರೆ ಗಾಲಿ ಇದ್ದೂ ಭಾರವನ್ನು ನೀವೇ ಹೊತ್ತ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೂ, ಬೆಂಗಳೂರಿನಿಂದ ಕಲ್ಪಿಟಿಯಕ್ಕೆ ಹೋಗುವವರಿಗೆ ಗಾಲಿ ಬೇಕೇ ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಗಾಲಿ ಉರುಳುವ ಜಾಗ ಎಷ್ಟಿದೆ ಎಂದು ಎಣಿಸಿ ನೋಡಿ. ಮನೆಯ ಲಿಫ್ಟಿನಿಂದ ಕ್ಯಾಬಿನವರೆಗೆ. ದೇವನಹಳ್ಳಿಯ ಟರ್ಮಿನಲ್ 2ರಲ್ಲಿ ಟ್ರಾಲಿ ಪುಕ್ಕಟೆ ಸಿಗುತ್ತದೆ. ಕೊಲಂಬೊ ಬಳಿಯ ಕಟುನಾಯಕೆ ನಿಲ್ದಾಣದಲ್ಲೂ ಟ್ರಾಲಿ ಇದೆ, ಹೊರಗೆ ಬಂದರೆ ವ್ಯಾನ್ ನಿಂತಿರುತ್ತದೆ, ಸುಮಾರು ಮೂರು ಗಂಟೆ ರಸ್ತೆ. ಇಳಿದ ಮೇಲೆ ಮರಳು. ಮರಳಿನಲ್ಲಿ ಗಾಲಿ ಉರುಳುವುದಿಲ್ಲ, ಬೇರಿಂಗಿನೊಳಗೆ ಮರಳು ಸೇರಿ ಹಾಳಾಗುತ್ತದೆ ಅಷ್ಟೆ. ಅಷ್ಟು ಚೂರು ದಾರಿಗಾಗಿ ಎರಡು ಕೆ.ಜಿ.ಯನ್ನು ಹೋಗುವಾಗಲೂ ಬರುವಾಗಲೂ ಹೊರಬೇಕು. ಸ್ಪೇನಿನ ತರೀಫಾಗೆ ಹೋಗಿ ಬಸ್ಸಿಂದ ಬಸ್ಸಿಗೆ ಬದಲಿಸುವವರು, ಕಲ್ಲುಹಾಸಿನ ಬೀದಿಯಲ್ಲಿ ರೂಮು ಹುಡುಕುವವರು, ಬೆನ್ನುನೋವಿರುವವರು, ಇವರಿಗೆ ಮಾತ್ರ ಗಾಲಿ ಅದರ ತೂಕಕ್ಕೆ ಬೆಲೆಬಾಳುತ್ತದೆ.

ಗಾಲಿ ಇಲ್ಲದ ಬೋರ್ಡ್ ಬ್ಯಾಗ್

ನನ್ನ ಸ್ವಂತ ಆಯ್ಕೆ ಇದು. ತೆಳುವಾದ ಫೋಮ್ ಇರುವ, ಹೆಗಲಿಗೆ ಹಾಕುವ ಪಟ್ಟಿ ಇರುವ ಉದ್ದನೆಯ ಚೀಲ. ಬೋರ್ಡಿನ ಸುತ್ತ ಕೈಟ್‌ಗಳನ್ನು ಸುತ್ತಿದರೆ ಅವೇ ಮೆತ್ತೆಯಾಗುತ್ತವೆ, ಬೇರೆ ದಪ್ಪ ಫೋಮಿನ ಅಗತ್ಯವಿಲ್ಲ. ಮೊದಲು ಒಂದು ಕೈಟನ್ನು ಉದ್ದಕ್ಕೆ ಹಾಸಿ, ಅದರ ಮೇಲೆ ಬೋರ್ಡ್, ಬೋರ್ಡಿನ ಮೇಲೆ ಇನ್ನೊಂದು ಕೈಟ್, ಎರಡು ತುದಿಗೂ ವೆಟ್‌ಸೂಟ್ ಮತ್ತು ವೆಸ್ಟ್. ಬೋರ್ಡಿಗೆ ಪೆಟ್ಟು ಬೀಳುವುದು ತುದಿಗಳಿಗೆ ಮತ್ತು ಅಂಚಿಗೆ, ನಡುವಿಗಲ್ಲ. ಫಿನ್ ಬಿಚ್ಚಲೇಬೇಕು. ಫಿನ್ನಿನ ಚೂಪು ಅಂಚು ಕೈಟಿನ ಬಟ್ಟೆಗೆ ಒತ್ತಿಕೊಂಡೇ ಹತ್ತು ಗಂಟೆ ಕೂತರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಪ್ಯಾಡುಗಳನ್ನೂ ಬಿಚ್ಚಿದರೆ ಬ್ಯಾಗಿನ ದಪ್ಪ ಸಾಕಷ್ಟು ಇಳಿಯುತ್ತದೆ. ಪ್ಯಾಡಿನ ಬೋಲ್ಟು ಸಾಮಾನ್ಯವಾಗಿ ಎಂ6 ಅಳತೆಯದು. ಹೊರಡುವ ಮೊದಲು ಎಸ್.ಪಿ. ರೋಡಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿನವು ನಾಲ್ಕಾರು ಹೆಚ್ಚುವರಿ ತಂದು ಜಿಪ್ ಇರುವ ಪುಟ್ಟ ಚೀಲದಲ್ಲಿ ಹಾಕಿಟ್ಟುಕೊಳ್ಳಿ. ಕಡಲ ತೀರದಲ್ಲಿ ಒಂದು ಬೋಲ್ಟ್ ಕಳೆದರೆ ಗಾಳಿ ಇದ್ದೂ ದಂಡೆಯಲ್ಲಿ ಕೂರಬೇಕಾಗುತ್ತದೆ.

ಇಂಥ ಬ್ಯಾಗನ್ನು ಬೆಂಗಳೂರಿನಲ್ಲೇ ಹೊಲಿಸಬಹುದು ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಕೈಟ್ ಬ್ಯಾಗನ್ನು ಮುಟ್ಟಿ ನೋಡಿ ಕೊಳ್ಳುವ ಅಂಗಡಿ ಇಲ್ಲಿ ಸಿಗುವುದು ಕಷ್ಟ, ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಎರಡೂ ಸೇರುತ್ತವೆ. ಆದರೆ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವವರ ಬಳಿ ದಪ್ಪ ಬಟ್ಟೆ ಹೊಲಿಯುವ ಮಷೀನೂ ಇದೆ, ಕೈಯೂ ಇದೆ. ಬೋರ್ಡನ್ನೇ ಎತ್ತಿಕೊಂಡು ಹೋಗಿ ತೋರಿಸಿ. ಮೂರು ವಿಷಯ ಮಾತ್ರ ಗಟ್ಟಿಯಾಗಿ ಹೇಳಿ: ಜಿಪ್ 10 ನಂಬರಿನದು, ಪ್ಲಾಸ್ಟಿಕ್ ಹಲ್ಲಿನದು, ಹಿಡಿಯ ಪಟ್ಟಿ ಬ್ಯಾಗಿನ ತಳವನ್ನು ಸುತ್ತಿ ಬಂದಿರಬೇಕು, ಪಕ್ಕಕ್ಕೆ ಮಾತ್ರ ಹೊಲಿದರೆ ಹರಿಯುತ್ತದೆ, ಎರಡು ತುದಿಗಳಲ್ಲಿ ಬಟ್ಟೆ ಎರಡು ಪದರವಾಗಿರಬೇಕು. ಲೋಹದ ಜಿಪ್ಪು ಮೊದಲ ಸಮುದ್ರಯಾತ್ರೆಯ ಉಪ್ಪಿಗೇ ಹಿಡಿದುಕೊಳ್ಳುತ್ತದೆ. ಕೊಂಡ ಬ್ಯಾಗಿನಲ್ಲೂ ನೋಡಬೇಕಾದ್ದು ಇವೇ. ಬಟ್ಟೆಯ ಡೆನಿಯರ್ (ನೂಲಿನ ದಪ್ಪ ಹೇಳುವ) ಸಂಖ್ಯೆ 600 ಇದ್ದರೆ ಸಾಕು, ಹೆಚ್ಚಿದ್ದರೆ ಗಟ್ಟಿ, ಜೊತೆಗೆ ಭಾರವೂ ಹೌದು.

ಗಾಲ್ಫ್ ಆಟದವರದೇ ಅಸಲಿ ಗಾಲ್ಫ್ ಕವರ್ ಕೊಂಡರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಗಾಲ್ಫ್ ಸಾಮಾನಿನ ಅಂಗಡಿಗಳಿವೆ, ಕವರ್ ಸುಲಭವಾಗಿ ಸಿಗುತ್ತದೆ. ಅದರ ಒಳ ಉದ್ದ ಬಹಳಷ್ಟು ಸಲ ಬೋರ್ಡಿಗೆ ಸಾಲದು, 132 ಅಥವಾ ಅದಕ್ಕಿಂತ ಚಿಕ್ಕ ಬೋರ್ಡ್ ಇರುವವರು ಅಳೆದು ನೋಡಬಹುದು. ಆದರೆ ಕೌಂಟರಿನಲ್ಲಿ ಒಳಗಿರುವುದು ಗಾಲ್ಫ್ ದಾಂಡು ಎಂದು ಹೇಳಬೇಡಿ. ಕೈಟ್‌ಬೋರ್ಡ್ ಎಂದೇ ಹೇಳಿ, ಮುಂಚೆ ಬರೆದು ಕೇಳಿ ಪಡೆದ ಉತ್ತರವನ್ನು ಫೋನಿನಲ್ಲಿ ತೋರಿಸಿ. ಎಕ್ಸ್-ರೇಯಲ್ಲಿ ಎಲ್ಲವೂ ಕಾಣುತ್ತದೆ. ಸುಳ್ಳು ಹೇಳಿ ಕಳಿಸಿದ ಸಾಮಾನು ಕಳೆದುಹೋದರೆ ಪರಿಹಾರ ಕೇಳುವ ಬಾಯಿಯೂ ಇರುವುದಿಲ್ಲ.

ಎರಡು ತುಂಡಾಗುವ ಬೋರ್ಡ್

ಸ್ಪ್ಲಿಟ್ ಬೋರ್ಡ್ ಎಂದರೆ ನಡುವೆ ಬಿಚ್ಚಿ ಎರಡು ಭಾಗ ಮಾಡಬಹುದಾದ ಟ್ವಿನ್ ಟಿಪ್. ಪೋಲೆಂಡಿನ ನೋಬೈಲ್ ಕಂಪನಿ ಇದಕ್ಕೆ ಹೆಸರುವಾಸಿ. 138ರ ಬೋರ್ಡ್ ಬಿಚ್ಚಿದರೆ 70ರ ಆಸುಪಾಸಿನ ಎರಡು ಹಲಗೆ. 80 ಉದ್ದ, 45 ಅಗಲ, 30 ದಪ್ಪದ ಬ್ಯಾಗಿನಲ್ಲಿ ಎಲ್ಲವೂ ಕೂರುತ್ತದೆ. ಮೊತ್ತ 155, ಎಂದರೆ 158ರೊಳಗೆ. ಹೊರಗಿನಿಂದ ನೋಡಿದರೆ ಅದು ಯಾರದೋ ದೊಡ್ಡ ಸೂಟ್‌ಕೇಸು. ಕ್ರೀಡಾ ಸಾಮಗ್ರಿಯ ದರವಿಲ್ಲ, ದೊಡ್ಡ ಬ್ಯಾಗಿನ ಬೇರೆ ಬೆಲ್ಟಿಗೆ ಹೋಗಿ ಕಾಯುವುದಿಲ್ಲ, ಯಾವ ಕ್ಯಾಬಿಗೂ ಹಿಡಿಸುತ್ತದೆ.

ಕೊರತೆ ಇಲ್ಲವೆಂದಲ್ಲ. ಜೋಡಣೆಯ ಲೋಹದ ಭಾಗದಿಂದ ಬೋರ್ಡ್ ಅರ್ಧ ಕೆ.ಜಿ.ಯಿಂದ ಒಂದು ಕೆ.ಜಿ.ಯವರೆಗೆ ಭಾರವಾಗುತ್ತದೆ. ಜೋಡಣೆಯಲ್ಲಿ ಮರಳು ಕೂತರೆ ಬಿಚ್ಚುವುದು ಕಷ್ಟ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಬೇಕು. ಎತ್ತರಕ್ಕೆ ಹಾರಿ ಗಟ್ಟಿಯಾಗಿ ಇಳಿಯುವವರಿಗೆ ನಡುವಿನ ಬಿಗಿತ ಬೇರೆಯಾಗಿ ಅನಿಸುತ್ತದೆ. ಬೆಲೆಯೂ ಹೆಚ್ಚು. ವರ್ಷಕ್ಕೆ ಎರಡು ಮೂರು ಸಲ ವಿದೇಶಕ್ಕೆ ಹಾರುವವರಿಗೆ ಬೋರ್ಡಿನ ಆ ಹೆಚ್ಚಿನ ಬೆಲೆ ಬ್ಯಾಗೇಜ್ ದರದ ಉಳಿತಾಯದಲ್ಲೇ ವಾಪಸ್ಸಾಗುತ್ತದೆ. ಎರಡು ವರ್ಷಕ್ಕೊಮ್ಮೆ ಹೋಗುವವರಿಗೆ ಆಗುವುದಿಲ್ಲ.

ಬೋರ್ಡನ್ನು ಮನೆಯಲ್ಲೇ ಬಿಟ್ಟು ಹೋಗುವುದು

ವರ್ಷಕ್ಕೊಂದು ಪ್ರವಾಸ ಮಾಡುವ, ಇನ್ನೂ ಕಲಿಯುತ್ತಿರುವ ಅಥವಾ ಮಧ್ಯಮ ಮಟ್ಟದಲ್ಲಿರುವ ಬೆಂಗಳೂರಿನ ಹೆಚ್ಚಿನ ಕೈಟರ್‌ಗಳಿಗೆ ನಾನು ಮನಸ್ಸಿಟ್ಟು ಹೇಳುವ ದಾರಿ ಇದು. ಕೈಟ್ ಶಾಲೆ ಇರುವ ತೀರದಲ್ಲೆಲ್ಲ ಟ್ವಿನ್ ಟಿಪ್ ಬಾಡಿಗೆಗೆ ಸಿಗುತ್ತದೆ. ಬೋರ್ಡ್ ಸ್ವಲ್ಪ ಹೆಚ್ಚುಕಡಿಮೆಯಾದರೂ ಅರ್ಧ ಗಂಟೆಯಲ್ಲಿ ಕಾಲಿಗೆ ಒಗ್ಗುತ್ತದೆ. ಹಾರ್ನೆಸ್ ಹಾಗಲ್ಲ. ಬೇರೆಯವರ ಸೊಂಟಕ್ಕೆ ಹೊಂದಿಕೊಂಡ ಹಾರ್ನೆಸ್ ಪಕ್ಕೆಲುಬಿಗೆ ಏರಿ ಎರಡೇ ದಿನದಲ್ಲಿ ಚರ್ಮ ಸುಲಿಯುತ್ತದೆ. ಹೆಲ್ಮೆಟ್ಟೂ ನಿಮ್ಮದೇ ಇರಲಿ. ಕೈಟು ಮತ್ತು ಬಾರು ನಿಮ್ಮವಾದರೆ ತುರ್ತಿನಲ್ಲಿ ಕೈ ತಾನಾಗಿ ಕ್ವಿಕ್ ರಿಲೀಸಿಗೆ (ಕೈಟಿನ ಎಳೆತವನ್ನು ತಟ್ಟನೆ ಬಿಡಿಸುವ ಕೀಲು) ಹೋಗುತ್ತದೆ. ಅದು ಎಷ್ಟು ಬಿಗಿ, ಯಾವ ಕಡೆ ತಳ್ಳಬೇಕು ಎಂಬುದು ಬೆರಳಿಗೇ ಗೊತ್ತಿರುತ್ತದೆ. ಜೀವ ಉಳಿಸುವ ವಿಷಯದಲ್ಲಿ ಪರಿಚಯವಿಲ್ಲದ ಸಾಮಾನಿಗಿಂತ ಪರಿಚಯವಿರುವ ಸಾಮಾನು ಒಳ್ಳೆಯದು.

ಹೀಗೆ ಹೋಗುವವರಿಗೆ ವಿಶೇಷ ಬ್ಯಾಗೇ ಬೇಡ. ಮನೆಯಲ್ಲಿರುವ ದೊಡ್ಡ ಮೆತ್ತನೆ ಸೂಟ್‌ಕೇಸ್ ಅಥವಾ 90-100 ಲೀಟರಿನ ಡಫಲ್ ಸಾಕು. ಪಂಪನ್ನು ಮಾತ್ರ ಮೊದಲು ಅಳೆದು ನೋಡಿ. ಅದು ಓರೆಯಾಗಿಯೂ ಕೂರದಿದ್ದರೆ ಮನೆಯಲ್ಲೇ ಬಿಡಿ, ತೀರದಲ್ಲಿ ಪಂಪ್ ಇಲ್ಲದ ಶಾಲೆ ಇರುವುದಿಲ್ಲ. ಆದರೆ ನಿಮ್ಮ ಕೈಟಿನ ಕವಾಟಕ್ಕೆ ಹೊಂದುವ ನಳಿಕೆ ಒಯ್ಯಲು ಮರೆಯಬೇಡಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಬೋರ್ಡೂ ಪಂಪೂ ಬಿಟ್ಟರೆ ಮೊದಲಿನ ಹದಿನೇಳೂವರೆ ಕೆ.ಜಿ. ಹನ್ನೆರಡಕ್ಕೆ ಇಳಿಯುತ್ತದೆ. ಬಟ್ಟೆಗೆ ಬೇಕಾದಷ್ಟು ಜಾಗ.

ಬಾಡಿಗೆ ಲೆಕ್ಕ ಕೂಡ ಮಾಡಿ ನೋಡಿ. ಒಂದು ವಾರದ ಪ್ರವಾಸದಲ್ಲಿ ದಿನಬಾಡಿಗೆಯ ಮೊತ್ತ, ಬೋರ್ಡ್ ಒಯ್ಯುವ ಹೋಗಿಬರುವ ದರಕ್ಕಿಂತ ಹೆಚ್ಚಾದರೆ ಒಯ್ಯಿರಿ. ಮೂರು ನಾಲ್ಕು ವಾರ ಉಳಿಯುವವರಿಗೆ, ಬ್ರೆಜಿಲಿನ ಕುಂಬೂಕೊಗೋ ಕೇಪ್ ಟೌನಿಗೋ ಹೋಗುವವರಿಗೆ, ಸ್ವಂತ ಬೋರ್ಡೇ ಸರಿ.

ಸರ್ಫ್‌ಬೋರ್ಡ್ ಆಕಾರದ ಡೈರೆಕ್ಷನಲ್ ಬೋರ್ಡ್ ಇರುವವರ ಸಮಸ್ಯೆ ಬೇರೆ. ಐದೂವರೆ ಅಡಿ ಎಂದರೆ 168 ಸೆಂ.ಮೀ.; ಅದಕ್ಕೆ ದಪ್ಪ ಫೋಮಿನ ಸರ್ಫ್ ಬ್ಯಾಗೇ ಬೇಕು, ಹಗುರದ ಆಸೆ ಬಿಡಬೇಕು, ಏಕೆಂದರೆ ಅದರ ಹೊರಪದರ ಟ್ವಿನ್ ಟಿಪ್ಪಿನಷ್ಟು ಗಟ್ಟಿಯಲ್ಲ. ಗಾಳಿ ಬಿಡುವ ತಿರುಪು ಇರುವ ಬೋರ್ಡಾದರೆ ಹಾರುವ ಮೊದಲು ಸಡಿಲಿಸಿ, ನೀರಿಗಿಳಿಯುವ ಮೊದಲು ಬಿಗಿ ಮಾಡಿ. ಫಾಯಿಲ್‌ನವರು (ಬೋರ್ಡಿನಡಿ ಕಂಬ, ರೆಕ್ಕೆ ಜೋಡಿಸಿ ನೀರಿನಿಂದ ಮೇಲೆದ್ದು ಸಾಗುವವರು) ಅದೃಷ್ಟವಂತರು. 85 ಸೆಂ.ಮೀ. ಮಾಸ್ಟ್ (ಕಂಬ), ರೆಕ್ಕೆಗಳು ಎಲ್ಲ ಬಿಚ್ಚಿದರೆ ಒಂದು ಮೀಟರಿನೊಳಗಿನ ಬ್ಯಾಗಿನಲ್ಲಿ ಕೂರುತ್ತವೆ. ರೆಕ್ಕೆಯ ಅಂಚಿಗೆ ಒಂದೊಂದಕ್ಕೂ ಬೇರೆ ಕವರ್ ಇರಲಿ.

ಮನೆಯಿಂದ ದೇವನಹಳ್ಳಿಗೆ

ವಿದೇಶಿ ಬರಹಗಳಲ್ಲಿ ಕಾಣದ, ನಮ್ಮೂರಿನಲ್ಲಿ ದೊಡ್ಡದಾಗುವ ವಿಷಯ ಇದು. ಬೆಂಗಳೂರಿನ ಎಷ್ಟೋ ಸೆಡಾನ್ ಕ್ಯಾಬ್‌ಗಳ ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರ್ ಕೂತಿರುತ್ತದೆ. ಉಳಿದ ಜಾಗದಲ್ಲಿ ಒಂದು ಮಾಮೂಲಿ ಸೂಟ್‌ಕೇಸೇ ಕಷ್ಟ. 140ರ ಬ್ಯಾಗನ್ನು ಹಿಂದಿನ ಸೀಟಿನ ಮೇಲೆ ಅಡ್ಡ ಮಲಗಿಸಿದರೆ ಬಾಗಿಲು ಮುಚ್ಚುವುದಿಲ್ಲ. ಮುಂದಿನ ಸೀಟನ್ನು ಪೂರ್ತಿ ಒರಗಿಸಿ ಉದ್ದಕ್ಕೆ ಹಾಕಬೇಕು, ಆಗ ಕೂರುವುದಕ್ಕೆ ಒಬ್ಬರಿಗೆ ಮಾತ್ರ ಜಾಗ. ಬೆಳಗಿನ ಜಾವ ಎರಡು ಗಂಟೆಗೆ ಗೇಟಿನ ಮುಂದೆ ಈ ಚರ್ಚೆ ಬೇಡ. ಉದ್ದನೆ ಬ್ಯಾಗ್ ಇದ್ದರೆ ಇನ್ನೋವಾದಂಥ ದೊಡ್ಡ ಗಾಡಿಯನ್ನು ಹಿಂದಿನ ದಿನವೇ ಹೇಳಿಟ್ಟು, ಬ್ಯಾಗಿನ ಉದ್ದವನ್ನೂ ಡ್ರೈವರಿಗೆ ಹೇಳಿ. ಬಿ.ಎಂ.ಟಿ.ಸಿ.ಯ ವಾಯುವಜ್ರ ಬಸ್ಸಿನಲ್ಲಿ ಸಾಮಾನಿನ ಕಟ್ಟೆ ಇದೆ. ನಿಮ್ಮ ನಿಲ್ದಾಣ ಬಸ್ಸು ಹೊರಡುವ ಜಾಗವೇ ಆಗಿದ್ದರೆ ಬ್ಯಾಗಿಗೆ ನೆಮ್ಮದಿಯ ಜಾಗ ಸಿಗುತ್ತದೆ, ನಡುವೆ ಹತ್ತುವವರಿಗೆ ಖಾತ್ರಿ ಇಲ್ಲ. ಸ್ಪ್ಲಿಟ್ ಬೋರ್ಡಿಗೂ ಬೋರ್ಡಿಲ್ಲದ ದಾರಿಗೂ ಇಲ್ಲಿ ಇನ್ನೊಂದು ಅಂಕ ಸೇರಿಸಿಕೊಳ್ಳಿ.

ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಿಂದ ಹೊರಡುತ್ತವೆ. ಉದ್ದನೆ ಬ್ಯಾಗಿಗೆ ಕೌಂಟರಿನಲ್ಲಿ ಚೀಟಿ ಅಂಟಿಸಿದ ಮೇಲೆ ಮಾಮೂಲಿ ಬೆಲ್ಟಿಗೆ ಹಾಕದೆ ದೊಡ್ಡ ಸಾಮಾನಿನ ಬೇರೆ ಜಾಗಕ್ಕೆ ನೀವೇ ಒಯ್ದು ಕೊಡಬೇಕಾಗುತ್ತದೆ. ಅದಕ್ಕೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಕೈಚೀಲಕ್ಕೆ ಹೋಗಬೇಕಾದ್ದು, ಹೋಗಬಾರದ್ದು

ಬ್ಯಾಟರಿ ಪಂಪ್ ಇದ್ದರೆ ಅದರ ಬಿಚ್ಚುವ ಬ್ಯಾಟರಿ, ಪವರ್ ಬ್ಯಾಂಕ್, ಕ್ಯಾಮೆರಾದ ಬಿಡಿ ಬ್ಯಾಟರಿಗಳೆಲ್ಲ ಕೈಚೀಲದಲ್ಲೇ ಇರಬೇಕು. ಚೆಕ್‌ಇನ್ ಬ್ಯಾಗಿಗೆ ಹಾಕುವಂತಿಲ್ಲ. 100 ವಾಟ್-ಅವರ್‌ವರೆಗೆ ತೊಂದರೆ ಇಲ್ಲ, 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲೆ ಪ್ರಯಾಣಿಕರ ವಿಮಾನಕ್ಕೆ ಬಿಡುವುದಿಲ್ಲ. ಲೈನ್ ಕತ್ತರಿಸುವ ಕೊಕ್ಕೆ ಚಾಕು ಇದಕ್ಕೆ ತದ್ವಿರುದ್ಧ, ಅದು ಚೆಕ್‌ಇನ್‌ಗೇ ಹೋಗಬೇಕು. ಹಾರ್ನೆಸ್ಸಿಗೇ ಸಿಕ್ಕಿಸಿಟ್ಟು ಮರೆತುಬಿಡುವ ವಸ್ತು ಅದು, ಹಾರ್ನೆಸ್ ಕೈಚೀಲದಲ್ಲಿ ಒಯ್ಯುವವರು ಎರಡು ಸಲ ನೋಡಿಕೊಳ್ಳಿ. ಸ್ಕ್ರೂಡ್ರೈವರ್ ಕೂಡ ಚೆಕ್‌ಇನ್‌ಗೆ. ಹಾರ್ನೆಸ್ಸಿನ ಲೋಹದ ಕೊಕ್ಕೆಪಟ್ಟಿಯನ್ನು ಬಿಚ್ಚಿ ದೊಡ್ಡ ಬ್ಯಾಗಿಗೆ ಹಾಕಿದರೆ ಸಿ.ಐ.ಎಸ್.ಎಫ್. ತಪಾಸಣೆಯಲ್ಲಿ ವಿವರಿಸುವ ಕೆಲಸ ತಪ್ಪುತ್ತದೆ. ವೆಟ್‌ಸೂಟ್ ಅಂಟಿಸುವ ನಿಯೋಪ್ರೀನ್ ಅಂಟು ಬೆಂಕಿ ಹಿಡಿಯುವ ವಸ್ತು, ಎರಡು ಕಡೆಯೂ ಬೇಡ. ಕೈಟ್ ಹರಿದರೆ ಅಂಟಿಸುವ ರಿಪ್‌ಸ್ಟಾಪ್ ಟೇಪ್ ಸಾಕು.

ಕಾಗದಪತ್ರ

ಎರಡು ಕೈಟು, ಒಂದು ಬಾರು, ಒಂದು ಬೋರ್ಡು ಹೊಸದಾಗಿ ಕೊಂಡರೆ ಮೂರು ಲಕ್ಷ ದಾಟುತ್ತದೆ. ಬ್ಯಾಗ್ ಕಳೆದರೆ ಅಥವಾ ಒಡೆದರೆ ವಿಮಾನ ಕಂಪನಿ ಕೊಡಬೇಕಾದ ಗರಿಷ್ಠ ಪರಿಹಾರ ಅಂತರರಾಷ್ಟ್ರೀಯ ವಿಮಾನಯಾನದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಬ್ಬ ಪ್ರಯಾಣಿಕರಿಗೆ 1,519 ಎಸ್.ಡಿ.ಆರ್. (ಐ.ಎಂ.ಎಫ್.ನ ಲೆಕ್ಕದ ಹಣ). 2024ರ ಡಿಸೆಂಬರ್ 28ರಿಂದ ಜಾರಿಗೆ ಬಂದ ಮಿತಿ ಅದು. ಅದಕ್ಕೆ ಮೊದಲು 1,288 ಇತ್ತು. ರೂಪಾಯಿಯಲ್ಲಿ ಒಂದೂವರೆ ಲಕ್ಷಕ್ಕೂ ಮೇಲೆ ಆಗುತ್ತದೆ, ಆದರೆ ನಿಮ್ಮ ಸೆಟ್ಟಿನ ಪೂರ್ತಿ ಬೆಲೆ ಆಗುವುದಿಲ್ಲ. ಅದಕ್ಕೇ ಎರಡು ಬ್ಯಾಗಿಗೆ ಹಂಚುವಾಗ ಎರಡರಲ್ಲೂ ಒಂದೊಂದು ಕೈಟ್ ಇರಲಿ ಎನ್ನುತ್ತೇನೆ. ಒಂದು ಬ್ಯಾಗ್ ತಡವಾದರೂ ನೀರಿಗಿಳಿಯಬಹುದು. ಪ್ರಯಾಣ ವಿಮೆ ಮಾಡಿಸುವಾಗ ಕ್ರೀಡಾ ಸಾಮಗ್ರಿ ಸೇರಿದೆಯೋ ಇಲ್ಲವೋ ಓದಿ. ಕೈಟ್‌ಸರ್ಫಿಂಗಿನಲ್ಲಾಗುವ ಗಾಯ ಸೇರಿದೆಯೋ ಎನ್ನುವುದನ್ನು ಅದಕ್ಕೂ ಮೊದಲು ಓದಿ. ಬ್ಯಾಗಿಗೆ ಪೆಟ್ಟಾಗಿದ್ದರೆ ನಿಲ್ದಾಣದಿಂದ ಹೊರಬರುವ ಮೊದಲೇ ಕೌಂಟರಿನಲ್ಲಿ ದೂರು ಬರೆಸಿ. ಹಾನಿಗೆ 7 ದಿನ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಲಿಖಿತ ದೂರು ಹೋಗದಿದ್ದರೆ ಹಕ್ಕೇ ಹೋಗುತ್ತದೆ.

ಹೊಸ ಸಾಮಾನು ಒಯ್ಯುವವರು ಹೊರಡುವಾಗಲೇ ಕಸ್ಟಮ್ಸ್‌ನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳುವುದು ಒಳ್ಳೆಯದು. ಬಿಲ್ಲು ಮತ್ತು ಕೈಟಿನ ಮೇಲಿರುವ ಸೀರಿಯಲ್ ನಂಬರ್ ಬೇಕಾಗುತ್ತದೆ, ಸಾಮಾನು ತೋರಿಸಬೇಕಾದ್ದರಿಂದ ಬ್ಯಾಗನ್ನು ಕೌಂಟರಿಗೆ ಕೊಡುವ ಮೊದಲೇ ಹೋಗಬೇಕು. ಹಿಂತಿರುಗಿದಾಗ ಇದನ್ನು ಹೊರಗೆ ಕೊಂಡು ತಂದಿರೋ ಎಂಬ ಪ್ರಶ್ನೆಗೆ ಅದೇ ಉತ್ತರ.

ವಾಪಸ್ ಬರುವಾಗ

ಹೋಗುವಾಗ 22 ಇದ್ದ ಬ್ಯಾಗ್ ಬರುವಾಗ 22 ಇರುವುದಿಲ್ಲ. ಒದ್ದೆ ವೆಟ್‌ಸೂಟ್, ಹಾರ್ನೆಸ್ಸಿನ ಸ್ಪಂಜಿನಲ್ಲಿ ನಿಂತ ನೀರು, ಕೈಟಿನ ಮಡಿಕೆಯಲ್ಲಿ ಉಳಿದ ಮರಳು, ಎಲ್ಲ ಸೇರಿ ಎರಡು ಕೆ.ಜಿ. ಸಲೀಸಾಗಿ ಏರುತ್ತದೆ. ಆದ್ದರಿಂದ ಹೋಗುವಾಗಲೇ ಎರಡು ಕೆ.ಜಿ. ಖಾಲಿ ಬಿಡಿ, ಇಲ್ಲವೇ ಕೊನೆಯ ದಿನ ಅರ್ಧ ದಿನ ಮೊದಲೇ ನೀರಿನಿಂದ ಹೊರಬಂದು ಒಣಗಿಸಿ. ಕೈಗೆ ನೇತುಹಾಕುವ ತಕ್ಕಡಿ ನೂರು ಗ್ರಾಂ ತೂಗುತ್ತದೆ, ಅದನ್ನು ಒಯ್ದರೆ ಹೋಟೆಲಿನಲ್ಲೇ ತೂಗಿ ಹೊರಡಬಹುದು. ಮಳೆಗಾಲದಲ್ಲಿ ಬೆಂಗಳೂರಿಗೆ ಇಳಿದರೆ ಅದೇ ರಾತ್ರಿ ಬ್ಯಾಗ್ ಬಿಚ್ಚಿ ಕೈಟ್‌ಗಳನ್ನು ಫ್ಯಾನಿನ ಕೆಳಗೆ ಹರಡಿ. ಒದ್ದೆಯಾಗಿ ಮಡಚಿಟ್ಟ ಕೈಟಿಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಬ್ಯಾಗಿನ ಒಳಗನ್ನೂ ಸಿಹಿನೀರಿನಿಂದ ಒರೆಸಿ, ಜಿಪ್ಪಿಗೆ ಮೇಣ ಸವರಿ, ಬಾಯಿ ತೆರೆದೇ ಇಡಿ.